ಮಿಲಿಸೆಕೆಂಡಿನಲ್ಲಿ ಮುಗಿಯುವ ಅಳತೆ

ಅಡುಗೆ ಗ್ಯಾಸಿನ ಬ್ಯೂಟೇನ್ ಆಮ್ಲಜನಕದೊಡನೆ ಸೇರಿ ನೀರು, ಇಂಗಾಲದ ಡೈಆಕ್ಸೈಡ್ ಆಗುತ್ತದೆಂದು ಶಾಲೆಯಲ್ಲಿ ಒಂದೇ ಸಾಲಿನ ಸಮೀಕರಣ ಬರೆದಿದ್ದೇವೆ. ಜ್ವಾಲೆಯೊಳಗೆ ಅಷ್ಟು ಸರಳವಾಗಿ ಏನೂ ನಡೆಯುವುದಿಲ್ಲ. ಅಲ್ಲಿ ಕಾರುಬಾರೆಲ್ಲ ರ‍್ಯಾಡಿಕಲ್‌ಗಳದ್ದು, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಅಣುತುಣುಕುಗಳದ್ದು. ಅವುಗಳಲ್ಲಿ ಹೈಡ್ರಾಕ್ಸಿಲ್ ಪ್ರಮುಖ. ಹೈಡ್ರೋಕಾರ್ಬನ್‌ನಿಂದ ಒಂದು ಜಲಜನಕವನ್ನು ಕಿತ್ತುಕೊಂಡು ಅದು ನೀರಾಗುತ್ತದೆ. ಕಳೆದುಕೊಂಡ ಅಣು ತಾನೇ ರ‍್ಯಾಡಿಕಲ್ ಆಗುತ್ತದೆ.

ಈ ಕ್ರಿಯೆಯ ವೇಗ ತಿಳಿಯದೆ ಎಂಜಿನ್ನಿನ ದಹನವನ್ನು ಲೆಕ್ಕಹಾಕಲಾಗದು. ಕೋಣೆಯ ಉಷ್ಣತೆಯಲ್ಲಿ ಅಳೆದು, ರಸಾಯನವಿಜ್ಞಾನಿ ಅರ್ಹೇನಿಯಸ್ 1889ರಲ್ಲಿ ವೇಗ, ಉಷ್ಣತೆಗಳ ನಂಟಿಗೆ ಕೊಟ್ಟ ಸೂತ್ರದಂತೆ ನೇರ ಗೆರೆ ಎಳೆದರೆ ಸಾಲದೇ? ಸಾಲದು. ಬಿಸಿ ಏರಿದಂತೆ ಗೆರೆ ಮೇಲಕ್ಕೆ ಬಾಗುತ್ತದೆ. ಬಿಸಿಯಲ್ಲೇ ಅಳೆಯಬೇಕು.

ಅದಕ್ಕೆ ಬಳಸುವುದು ಶಾಕ್ ಟ್ಯೂಬ್: ಉದ್ದನೆಯ ಉಕ್ಕಿನ ಕೊಳವೆ, ನಡುವೆ ತೆಳುವಾದ ಪೊರೆ. ಒಂದು ಬದಿಯಲ್ಲಿ ಒತ್ತಿ ತುಂಬಿದ ಹೀಲಿಯಂ. ಇನ್ನೊಂದು ಬದಿಯ ವಿರಳ ಆರ್ಗಾನ್‌ನಲ್ಲಿ, ಹತ್ತು ಲಕ್ಷ ಅಣುಗಳಿಗೆ ಕೆಲವು ನೂರರಷ್ಟು ಇಂಧನ, ಅದಕ್ಕಿಂತ ಎಷ್ಟೋ ಕಡಿಮೆ ಟರ್ಷಿಯರಿ ಬ್ಯೂಟೈಲ್ ಹೈಡ್ರೊಪೆರಾಕ್ಸೈಡ್. ಪೊರೆ ಒಡೆದೊಡನೆ ಆಘಾತ ತರಂಗ ಓಡಿ ಕೊನೆಯ ಗೋಡೆಗೆ ಬಡಿದು ಮರಳುತ್ತದೆ. ಅದು ಹಾದುಹೋದ ಅನಿಲ ಮೈಕ್ರೋಸೆಕೆಂಡಿನಲ್ಲಿ ಸುಮಾರು 1000 ಕೆಲ್ವಿನ್‌ಗೆ, ಅಂದರೆ 730 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಒಂದೆರಡು ಮಿಲಿಸೆಕೆಂಡು ಹಾಗೇ ಉಳಿಯುತ್ತದೆ. ಥರ್ಮಾಮೀಟರಿಗೆ ಇಲ್ಲಿ ಕೆಲಸವಿಲ್ಲ. ಗೋಡೆಯುದ್ದಕ್ಕೂ ಇಟ್ಟ ಸಂವೇದಕಗಳು ತರಂಗದ ವೇಗ ಹೇಳುತ್ತವೆ, ಉಷ್ಣತೆ ಆ ವೇಗದಿಂದಲೇ ಲೆಕ್ಕಕ್ಕೆ ಸಿಗುತ್ತದೆ.

ಈ ಬಿಸಿಗೆ ಆ ಪೆರಾಕ್ಸೈಡ್ ಒಡೆದು ಹೈಡ್ರಾಕ್ಸಿಲ್ ಹೊರಬೀಳುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರೊನಾಲ್ಡ್ ಹ್ಯಾನ್ಸನ್ ತಂಡ ಪಳಗಿಸಿದ ವಿಧಾನದಲ್ಲಿ, ಕೊಳವೆಯ ಕಿಟಕಿಗಳ ಮೂಲಕ 306.7 ನ್ಯಾನೋಮೀಟರಿನ ಅತಿನೇರಳೆ ಲೇಸರ್ ಹಾಯಿಸುತ್ತಾರೆ. ಹೈಡ್ರಾಕ್ಸಿಲ್ ಈ ಬೆಳಕನ್ನು ಹೀರುತ್ತದೆ. ಹಾಗಾಗಿ, ಹಾದುಬಂದ ಬೆಳಕನ್ನು ತೋರಿಸುವ ಪರದೆಯ ಮೇಲಿನ ಗೆರೆ ಮೊದಲು ಧಡಕ್ಕನೆ ಕುಸಿಯುತ್ತದೆ, ಹೈಡ್ರಾಕ್ಸಿಲ್ ಖರ್ಚಾದಂತೆ ಹತ್ತಾರು ಮೈಕ್ರೋಸೆಕೆಂಡುಗಳಲ್ಲಿ ಮತ್ತೆ ಮೇಲೇರುತ್ತದೆ. ಇಂಧನವನ್ನು ಬೇಕೆಂದೇ ಹೆಚ್ಚಾಗಿ ಹಾಕಿರುವುದರಿಂದ ಅದರ ಪ್ರಮಾಣ ಹೆಚ್ಚುಕಡಿಮೆ ಬದಲಾಗದು. ಹೈಡ್ರಾಕ್ಸಿಲ್ ಕರಗುವ ದರವನ್ನು ಇಂಧನದ ಸಾಂದ್ರತೆಯಿಂದ ಭಾಗಿಸಿದರೆ ಕ್ರಿಯೆಯ ದರ ಸ್ಥಿರಾಂಕ ಕೈಗೆ ಬರುತ್ತದೆ. ಜಾಣತನವೆಲ್ಲ ಇರುವುದು ಇಂಧನದ ಪ್ರಮಾಣದ ಆಯ್ಕೆಯಲ್ಲಿ ಎನ್ನುವುದು ನನ್ನ ಅನಿಸಿಕೆ.

ತೊಡಕೂ ಇದೆ. ಅದೇ ಪೆರಾಕ್ಸೈಡ್ ಒಡೆದಾಗ ಅಸಿಟೋನ್ ಜೊತೆಗೆ ಮೀಥೈಲ್ ರ‍್ಯಾಡಿಕಲ್ ಕೂಡ ಹುಟ್ಟಿ, ಹೈಡ್ರಾಕ್ಸಿಲ್‌ನ ಒಂದು ಪಾಲನ್ನು ಕಬಳಿಸುತ್ತದೆ. ಆ ಪಾಲನ್ನು ಬೇರೆ ಲೆಕ್ಕದಿಂದ ಕಳೆಯದ ಹೊರತು, ಲೇಸರ್ ಎಷ್ಟೇ ನಿಖರವಾಗಿರಲಿ, ಸಿಗುವುದು ಉಬ್ಬಿದ ಅಂಕಿಯೇ.