ಆ ಮೊದಲ ಒಂದು ನಿಮಿಷ

ಹುಟ್ಟಿದ ಕೂಸು ಅಳದಿದ್ದರೆ ಎಲ್ಲರ ಜೀವ ಬಾಯಿಗೆ ಬರುತ್ತದೆ. ಮೈ ಒರೆಸಿ, ಬೆಚ್ಚಗಿಟ್ಟು, ಬೆನ್ನುಜ್ಜಬೇಕು. ಆಗಲೂ ಉಸಿರಾಡದಿದ್ದರೆ ಒಂದು ನಿಮಿಷದೊಳಗೆ ಮುಖಕ್ಕೆ ಮಾಸ್ಕ್ ಹಿಡಿದು, ಆಂಬು ಬ್ಯಾಗ್ ಒತ್ತಿ ಗಾಳಿ ಕೊಡಬೇಕು. ಇದಕ್ಕೆ ವಿದ್ಯುತ್ತೂ ಬೇಡ. ಹೆರಿಗೆ ಮಾಡಿಸುವ ದಾದಿಯರಿಗೆ ಇದನ್ನು ಗೊಂಬೆಯ ಮೇಲೆ ಕಲಿಸುವ ತರಬೇತಿಯೇ 'ಹೆಲ್ಪಿಂಗ್ ಬೇಬೀಸ್ ಬ್ರೀದ್'.

ಟಾಂಜಾನಿಯಾದ ಹೈಡಮ್ ಆಸ್ಪತ್ರೆಯಲ್ಲಿ 2010ರಲ್ಲಿ ಒಂದು ದಿನದ ತರಬೇತಿ ನಡೆಯಿತು. ಗೊಂಬೆಯ ಮೇಲೆ ಕೈ ಪಳಗಿತು. ನಿಜವಾದ ಹೆರಿಗೆಯಲ್ಲಿ ಮಾತ್ರ ಹಳೆಯ ರೂಢಿಯೇ ಉಳಿಯಿತು. ಮುಂದೆ ಹೆರಿಗೆ ವಾರ್ಡಿನಲ್ಲೇ ಆಗಾಗ ಕೆಲವೇ ನಿಮಿಷದ ಅಭ್ಯಾಸ ಶುರುವಾದಾಗ, ಮೊದಲ ದಿನವೇ ಸಾಯುವ ಕೂಸುಗಳ ಪ್ರಮಾಣ ಇಳಿಯಿತು.

ನಿಮ್ಮೂರಿನ ಆಸ್ಪತ್ರೆಗೆ ಸಾಮಾನು ಕೊಡಿಸುವಾಗ ಒಂದು ಮಾತು ಕೇಳಿ: "ಅಭ್ಯಾಸ ಎಷ್ಟು ದಿನಕ್ಕೊಮ್ಮೆ?"