ನಮ್ಮ ಐದೂವರೆ ತಾಸಿಗೆ ತಕ್ಕ ಕೈಗಡಿಯಾರ

ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ಆದದ್ದು ಯಾವಾಗ ಎಂದು ಮುರುಮ, ಉಮರಗಾ, ನಿಲಂಗಾ ಕಡೆಯ ಹಿರಿಯರನ್ನು ಕೇಳಿದರೆ ತಡವರಿಸದೆ ಹೇಳುತ್ತಾರೆ: 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕರ ಸುಮಾರಿಗೆ. ಗಣಪತಿ ಕಳಿಸಿ ಬಂದು ಮಲಗಿದ್ದ ಸಾವಿರಾರು ಮಂದಿ ಕಲ್ಲುಮಣ್ಣಿನ ಮನೆಗಳಡಿ ಸಿಕ್ಕಿ ತೀರಿಹೋದರು. ಜಗತ್ತಿನ ಭೂಕಂಪ ದಾಖಲೆಗಳಲ್ಲಿ ಮಾತ್ರ ಅದರ ತಾರೀಖು ಸೆಪ್ಟೆಂಬರ್ 29. ಎರಡೂ ಸರಿಯೇ. ವಿಜ್ಞಾನಿಗಳು ಬಳಸುವ ಜಾಗತಿಕ ವೇಳೆ ನಮಗಿಂತ ಐದೂವರೆ ತಾಸು ಹಿಂದಿದೆ. ಇಲ್ಲಿ 3 ಗಂಟೆ 56 ನಿಮಿಷ ಆದಾಗ ಆ ಲೆಕ್ಕದಲ್ಲಿ ಹಿಂದಿನ ರಾತ್ರಿಯ 10 ಗಂಟೆ 26 ನಿಮಿಷ.

ಮಗಳು ನ್ಯೂಯಾರ್ಕಿನಲ್ಲಿದ್ದರೆ, ಅಳಿಯ ದುಬೈಯಲ್ಲಿದ್ದರೆ, ವೇಳೆಯ ಇಂಥ ವ್ಯತ್ಯಾಸ ಮನೆಯ ದಿನನಿತ್ಯದ ಲೆಕ್ಕವಾಗುತ್ತದೆ. ಎರಡು ದೇಶದ ಹೊತ್ತು ತೋರಿಸುವ ಬೆಲೆಬಾಳುವ ಕೈಗಡಿಯಾರ ಕೊಳ್ಳುವವರು ಹೆಸರು, ಬಂಗಾರ, ಬೆಲೆ ನೋಡುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಇದು ನಮ್ಮ ಅರ್ಧ ತಾಸನ್ನು ತೋರಿಸುತ್ತದೆಯೇ?

ಅರ್ಧ ತಾಸು ಬಂದದ್ದೆಲ್ಲಿಂದ?

ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. 1906ರಲ್ಲಿ ಭಾರತದ ಪ್ರಮಾಣ ವೇಳೆ ಜಾರಿಗೆ ಬಂದಾಗ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶವನ್ನು ಆಧಾರವಾಗಿ ಹಿಡಿದರು. 82.5ನ್ನು ನಾಲ್ಕರಿಂದ ಗುಣಿಸಿದರೆ 330 ನಿಮಿಷ, ಅಂದರೆ ಐದೂವರೆ ತಾಸು. ಉಮರಗಾ ಇರುವುದು ಸುಮಾರು 76.6 ಡಿಗ್ರಿಯಲ್ಲಿ. ಹಾಗಾಗಿ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ವರ್ಷದ ಸರಾಸರಿಯಲ್ಲಿ 12 ಗಂಟೆ 24 ನಿಮಿಷದ ಹೊತ್ತಿಗೆ.

ಜಗತ್ತಿನ ಹೆಚ್ಚಿನ ದೇಶಗಳು ಪೂರ್ತಿ ತಾಸಿನ ಲೆಕ್ಕ ಇಟ್ಟುಕೊಂಡಿವೆ. ಹೆಚ್ಚಿನ ಗಡಿಯಾರಗಳನ್ನೂ ಅದೇ ಲೆಕ್ಕಕ್ಕೆ ಕಟ್ಟಿದ್ದಾರೆ. ನಮ್ಮವರಿಗೆ ತೊಡಕಾಗುವುದು ಇಲ್ಲೇ.

ಮೂರು ಬಗೆಯ ಗಡಿಯಾರ

ಮೊದಲನೆಯದು ಜಿಎಂಟಿ. ಇನ್ನೊಂದು ದೇಶದ ಹೊತ್ತು ತೋರಿಸಲು ಇದರಲ್ಲಿ 24 ತಾಸಿಗೆ ಒಂದೇ ಸುತ್ತು ಹಾಕುವ ನಾಲ್ಕನೆಯ ಮುಳ್ಳು ಇರುತ್ತದೆ. ಅಲ್ಲಿ ಹಗಲೋ ರಾತ್ರಿಯೋ ಎಂಬುದೂ ಅದರಿಂದ ತಿಳಿಯುತ್ತದೆ. 1955ರಲ್ಲಿ ರೋಲೆಕ್ಸ್ ಕಂಪನಿ ಪ್ಯಾನ್ ಆಮ್ ವಿಮಾನ ಚಾಲಕರಿಗಾಗಿ ತಂದ ಜಿಎಂಟಿ ಮಾಸ್ಟರ್ ಈ ಬಗೆಯಲ್ಲಿ ಹೆಸರಾಯಿತು. ಆದರೆ ಎರಡೂ ದೇಶಕ್ಕೆ ನಿಮಿಷದ ಮುಳ್ಳು ಒಂದೇ. ಚಳಿಗಾಲದಲ್ಲಿ ನಮ್ಮಲ್ಲಿ ಮಧ್ಯಾಹ್ನ ಮೂರೂವರೆ ಆದಾಗ ನ್ಯೂಯಾರ್ಕಿನಲ್ಲಿ ಬೆಳಗಿನ ಐದು. ನಾಲ್ಕನೆಯ ಮುಳ್ಳು ತೋರಿಸುವುದು ಐದೂವರೆ ಅಥವಾ ನಾಲ್ಕೂವರೆ. ಉಳಿದ ಅರ್ಧ ತಾಸನ್ನು ಪ್ರತಿ ಸಲ ನಾವೇ ಮನಸ್ಸಿನಲ್ಲಿ ಕೂಡಿ ಕಳೆಯಬೇಕು. ಗಾಜಿನ ಸುತ್ತಲಿನ ಬಳೆ ಅರ್ಧ ತಾಸಿನ ಹೆಜ್ಜೆಯಲ್ಲಿ ತಿರುಗುವಂತಿದ್ದರೆ ಈ ತೊಂದರೆ ನೀಗುತ್ತದೆ. ಟ್ಯೂಡರ್ ಕಂಪನಿಯ ಬ್ಲ್ಯಾಕ್ ಬೇ ಜಿಎಂಟಿಯ ಬಳೆ ಒಂದು ಸುತ್ತಿಗೆ 48 ಹೆಜ್ಜೆ ಇಡುತ್ತದೆ. ಬಳೆಯನ್ನು ಒಂದೇ ಹೆಜ್ಜೆ ಸರಿಸಿದರೆ ಅದರ ಮೇಲಿನ ಲೆಕ್ಕ ಕೂಡಿಬರುತ್ತದೆ.

ಎರಡನೆಯದು ವರ್ಲ್ಡ್ ಟೈಮರ್. ಊರುಗಳ ಹೆಸರು ಬರೆದ ಬಳೆಯೂ 24 ತಾಸಿನ ಬಳೆಯೂ ಸೇರಿ ಎಲ್ಲ ಕಡೆಯ ಹೊತ್ತನ್ನು ಒಟ್ಟಿಗೆ ತೋರಿಸುತ್ತವೆ. ಜಿನೀವಾದ ಲೂಯಿ ಕೋಟಿಯೆ 1931ರಲ್ಲಿ ಇದನ್ನು ರೂಪಿಸಿದ. ಈ ಬಗೆಯ ಹೆಚ್ಚಿನ ಗಡಿಯಾರಗಳಲ್ಲಿ 24 ಊರುಗಳಷ್ಟೇ ಇರುವುದರಿಂದ ಭಾರತಕ್ಕೆ ಸರಿಯಾದ ಜಾಗವಿಲ್ಲ. ವಾಶರಾನ್ ಕಾನ್ಸ್ಟಾಂಟಿನ್ ಕಂಪನಿ 2011ರಲ್ಲಿ ತಂದ ವರ್ಲ್ಡ್ ಟೈಮ್ 37 ವೇಳಾವಲಯಗಳನ್ನು ತೋರಿಸುತ್ತದೆ; ಅರ್ಧ ಮತ್ತು ಕಾಲು ತಾಸಿನ ವಲಯಗಳೂ ಅದರಲ್ಲಿವೆ. ಬೆಲೆ ಮಾತ್ರ ಹಲವು ಲಕ್ಷ.

ಮೂರನೆಯದು ಒಂದೇ ಚೌಕಟ್ಟಿನಲ್ಲಿ ಎರಡು ಬೇರೆ ಬೇರೆ ಯಂತ್ರ ಕೂರಿಸಿದ ಗಡಿಯಾರ. ಪ್ರತಿ ಯಂತ್ರಕ್ಕೂ ತನ್ನದೇ ನಿಮಿಷದ ಮುಳ್ಳು ಇರುವುದರಿಂದ ಯಾವ ದೇಶದ ಹೊತ್ತನ್ನಾದರೂ ಇಡಬಹುದು.

ಹೋಗಿಬರುವವರು, ಮನೆಯಲ್ಲಿರುವವರು

ಜಿಎಂಟಿಯಲ್ಲೂ ಎರಡು ತರ. ವಿಮಾನವೇರಿ ತಿರುಗಾಡುವವರಿಗೆ ಸಾದಾ ಗಂಟೆಯ ಮುಳ್ಳು ಮಾತ್ರ ತಾಸು ತಾಸಾಗಿ ಜಿಗಿಯುವಂಥದು ಅನುಕೂಲ. ಊರಲ್ಲೇ ಇದ್ದು ಫೋನು ಮಾಡುವವರಿಗೆ ನಾಲ್ಕನೆಯ ಮುಳ್ಳೊಂದನ್ನೇ ಸರಿಸುವಂಥದು ಸಾಕು, ಇದು ಅಗ್ಗವೂ ಹೌದು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಮಾರ್ಚಿನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದಕ್ಕೂ ನವೆಂಬರಿನ ಮೊದಲ ಭಾನುವಾರ ಹಿಂದಕ್ಕೂ ಸರಿಸುತ್ತಾರೆ. ನ್ಯೂಯಾರ್ಕಿಗೂ ನಮಗೂ ಇರುವ ಅಂತರ ಚಳಿಗಾಲದಲ್ಲಿ ಹತ್ತೂವರೆ ತಾಸು, ಬೇಸಿಗೆಯಲ್ಲಿ ಒಂಬತ್ತೂವರೆ. ಈ ಬದಲಾವಣೆಯನ್ನು ಕೀಲಿ ಕೊಡುವ ಗುಂಡಿಯಿಂದ ಸುಲಭವಾಗಿ ಮಾಡಲು ಬರಬೇಕು.

ಅಂಗಡಿಯಲ್ಲಿ

ಮಾರುವವರಿಗೆ ಹೇಳಿ ಒಂದು ಕಡೆ ಭಾರತದ ಹೊತ್ತು, ಇನ್ನೊಂದು ಕಡೆ ನಿಮ್ಮವರ ಊರಿನ ಹೊತ್ತು ಇಡಿಸಿ, ಕೂಡಿಸಿ ಕಳೆಯದೆ ಓದಿ ನೋಡಿ. ಕಣ್ಣು ಮಂಜಾದ ಹಿರಿಯರಿಗಾದರೆ ಅವರ ಕೈಗೇ ಕೊಟ್ಟು ಓದಿಸಿ. ದುರಸ್ತಿ ಎಲ್ಲಿ ಎಂದೂ ಕೇಳಿ. ಯಂತ್ರದ ಗಡಿಯಾರವನ್ನು ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ ಹಾಕಿಸಬೇಕು. ಅದಕ್ಕೆ ಉಮರಗಾದವರು ಹೆದ್ದಾರಿ ಹಿಡಿದು ಪುಣೆಗೋ ಹೈದರಾಬಾದಿಗೋ ಹೋಗಬೇಕಾದೀತು.

ಮಗ ಲಂಡನ್ನಿನಲ್ಲಿದ್ದರೆ ಚಳಿಗಾಲದಲ್ಲಿ ಸಾದಾ ಗಡಿಯಾರವೇ ಸಾಕು, ತಲೆಕೆಳಗು ಹಿಡಿದು ಓದಿ. ನಮ್ಮ ಏಳು ಗಂಟೆ ಹತ್ತು ನಿಮಿಷ ಅಲ್ಲಿನ ಒಂದು ನಲವತ್ತಾಗಿ ಕಾಣುತ್ತದೆ. ಗಂಟೆಯ ಮುಳ್ಳು ಆರು ತಾಸು, ನಿಮಿಷದ ಮುಳ್ಳು ಅರ್ಧ ತಾಸು ಸರಿದಂತಾಗುವುದೇ ಇದಕ್ಕೆ ಕಾರಣ. ಕೈಯಲ್ಲಿರುವ ಗಡಿಯಾರ ಪುಕ್ಕಟೆಯಾಗಿ ಮಾಡುವ ಇಷ್ಟು ಕೆಲಸವನ್ನು ಲಕ್ಷ ಕೊಟ್ಟು ಕೊಳ್ಳುವ ಗಡಿಯಾರ ಮಾಡದಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.