ಫಲಕಕ್ಕೂ ಬೇಕು ದತ್ತಿ

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ ಮುಗಿಸಿ, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರಕ್ಕೆ ಬಂದು, ಅಲ್ಲಿಂದ ಸೋಮನಾಥಪುರ, ತಲಕಾಡುಗಳನ್ನು ನೋಡಿ ಮರಳುವುದು ಮೈಸೂರಿನ ಸಂಸಾರಗಳಿಗೆ ಪರಿಚಿತವಾದ ಪ್ರವಾಸ. ಗಂಗರು, ಚೋಳರು, ಹೊಯ್ಸಳರು ಆಳಿದ ಈ ನೆಲದಲ್ಲಿ ಹೆಜ್ಜೆಗೊಂದು ಕಥೆಯಿದೆ. ಆದರೆ ಅದನ್ನು ಹೇಳಬೇಕಾದ ಫಲಕವೇ ಬಿಸಿಲು ಮಳೆಗೆ ಮಾಸಿದರೆ, "ಇದನ್ನು ಕಟ್ಟಿಸಿದವರು ಯಾರಪ್ಪ?" ಎಂಬ ಮಗುವಿನ ಪ್ರಶ್ನೆಗೆ ಉತ್ತರವೆಲ್ಲಿ?

ಫಲಕ ನೆಡುವುದು ಒಮ್ಮೆಯ ಖರ್ಚು. ಅದಕ್ಕೆ ಸಮಾರಂಭವುಂಟು, ದಾನಿಯ ಹೆಸರೂ ಉಂಟು. ತೊಳೆದು, ಬಣ್ಣ ಬಳಿದು, ತಪ್ಪು ತಿದ್ದುವ ವೆಚ್ಚ ವರ್ಷವರ್ಷದ್ದು, ಅದಕ್ಕೆ ಹೆಸರಿಲ್ಲ.

ಹಿರಿಯರು ಈ ತೊಡಕನ್ನು ಅರಿಯದವರಲ್ಲ. ನಂದಾದೀಪಕ್ಕೆಂದು ಗದ್ಯಾಣಗಳನ್ನು ದತ್ತಿಯಿಟ್ಟರೆ ಮೂಲಧನವನ್ನು ಮುಟ್ಟದೆ ಬಡ್ಡಿಯಿಂದಲೇ ಎಣ್ಣೆ ಸಲ್ಲುತ್ತಿತ್ತು. 13ನೆಯ ಶತಮಾನದಲ್ಲಿ ಸೋಮನಾಥ ದಂಡನಾಯಕನು ಕೇಶವ ದೇವಾಲಯವನ್ನು ಕಟ್ಟಿಸಿ ಸುಮ್ಮನಾಗಲಿಲ್ಲ. ದತ್ತಿಗಳನ್ನು ಬಿಟ್ಟು ಶಾಸನ ಬರೆಯಿಸಿದನು. ದಾನ ಮಾಡುವುದಕ್ಕಿಂತ ಮಾಡಿದ ದಾನವನ್ನು ಪಾಲಿಸುವುದೇ ಮಿಗಿಲೆಂಬ ಭಾವ ಎಷ್ಟೋ ಶಾಸನಗಳ ಕೊನೆಯಲ್ಲಿದೆ.

2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಸೋಮನಾಥಪುರವೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಪರಂಪರೆಯ ರಕ್ಷಣೆಯೂ ಅದರಲ್ಲಿ ಸೇರಿದೆ. ನಂಜನಗೂಡಿನಲ್ಲಿ ಕಾರ್ಖಾನೆಗಳಿಗೆ ಕೊರತೆಯಿಲ್ಲ. ಊರಿನ ಗೃಹಸ್ಥರೂ ಕೈಜೋಡಿಸಬಹುದು: ಒಂದು ಲಕ್ಷ ರೂಪಾಯಿಯ ಇಡುಗಂಟಿಗೆ ಶೇಕಡ 6ರ ಬಡ್ಡಿ ದೊರೆತರೂ ವರ್ಷಕ್ಕೆ 6,000 ರೂಪಾಯಿಯಾಯಿತು. ಬಣ್ಣಕ್ಕೂ ಕೂಲಿಗೂ ಅದು ಒದಗೀತು.

ಅಕ್ಷರ ಮಾಸಿದ ಫಲಕದಲ್ಲಿ ಊರಿನ ಕಥೆಯೊಡನೆ ದಾನಿಯ ಹೆಸರೂ ಮಾಸಿಹೋಗುತ್ತದೆಯಲ್ಲವೆ?